ಸೋಮವಾರದ ಪತ್ರ ಮತ್ತು ಅದರ ತಿದ್ದುಪಡಿಗಳು

ಆರು ವರ್ಷ ನಾನು ಒಂದು ತಪ್ಪು ಉತ್ತರವನ್ನು ಸರಿಯೆಂದು ಕಲಿಸಿದ್ದೆ. ಅದು ನನಗೆ ಗೊತ್ತಾದದ್ದು ಹಾವೇರಿಯ ಬಸ್ ನಿಲ್ದಾಣದ ಎದುರಿನ ಸೈಬರ್ ಸೆಂಟರಿನಲ್ಲಿ, ಒಂದು ಭಾನುವಾರ ಮಧ್ಯಾಹ್ನ. ಈಗ ನಮ್ಮ ಕಾಲೇಜಿಗೆ ಹೊಸದಾಗಿ ಸೇರಿದ ಉಪನ್ಯಾಸಕಿಯರು ಮನೆಗೆ ಬಂದು, "ಮೇಡಂ, ಮೊದಲನೇ ವರ್ಷ ಹೆಂಗ ಕಲಸಬೇಕು ಹೇಳ್ರಿ" ಎಂದು ಕೇಳುತ್ತಾರೆ. ಅವರಿಗೆ ನಾನು ಈ ಭಾನುವಾರದಿಂದಲೇ ಶುರುಮಾಡುತ್ತೇನೆ.

ನಾನು ರಾಣೆಬೆನ್ನೂರಿನ ಒಂದು ಪಾಲಿಟೆಕ್ನಿಕ್ಕಿಗೆ ಗಣಿತ ಕಲಿಸಲು ಸೇರಿದವಳು. ಕಂಪ್ಯೂಟರ್ ವಿಭಾಗ ತೆರೆದಾಗ ಪ್ರೋಗ್ರಾಮಿಂಗ್ ಕಲಿಸುವವರು ಸಿಗಲಿಲ್ಲ. "ಗಿರಿಜಾ ಮೇಡಂ, ಲೆಕ್ಕ ಬಂದವ್ರಿಗೆ ಇದೇನು ದೊಡ್ಡದಲ್ಲ" ಎಂದು ಆಗಿನ ಪ್ರಾಚಾರ್ಯರು ನನ್ನನ್ನೇ ಅತ್ತ ಕಳಿಸಿದರು. ಒಂದು ಪುಸ್ತಕ ಇಟ್ಟುಕೊಂಡು, ಹುಡುಗರಿಗಿಂತ ಎರಡು ಅಧ್ಯಾಯ ಮುಂದೆ ಓದಿಕೊಂಡು ಕಲಿಸಿದೆ. ಹಾವೇರಿಯಲ್ಲಿ ಮನೆ, ರಾಣೆಬೆನ್ನೂರಿನಲ್ಲಿ ಕೆಲಸ. ಹೋಗುವಾಗ ಬಸ್ಸಿನಲ್ಲಿ ಪಾಠ ಓದುತ್ತಿದ್ದೆ, ಬರುವಾಗ ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಪರೀಕ್ಷೆಯಲ್ಲಿ ವರ್ಷ ಬಿಟ್ಟು ವರ್ಷ ಬರುವ ಒಂದು ಪ್ರಶ್ನೆ ಇತ್ತು. ಐದು ಎಂಬ ಸಂಖ್ಯೆಯನ್ನು ಒಂದು ಹೆಚ್ಚಿಸು, ಅದೇ ಸಾಲಿನಲ್ಲಿ ಮತ್ತೊಮ್ಮೆ ಒಂದು ಹೆಚ್ಚಿಸು, ಎರಡನ್ನೂ ಕೂಡಿಸು. ಕಂಪ್ಯೂಟರ್ ಏನು ಉತ್ತರ ಕೊಡುತ್ತದೆ? ಆರು ಮತ್ತು ಏಳು ಕೂಡಿದರೆ ಹದಿಮೂರು ಎಂದು ಹುಡುಗರು ಬರೆಯುತ್ತಿದ್ದರು. ನಮ್ಮ ಲ್ಯಾಬಿನ ಯಂತ್ರ ಮಾತ್ರ ಹದಿನಾಲ್ಕು ತೋರಿಸುತ್ತಿತ್ತು. ಮೊದಲು ಎರಡೂ ಸಲ ಹೆಚ್ಚಿಸಿ, ಆಮೇಲೆ ಏಳು ಮತ್ತು ಏಳನ್ನು ಕೂಡಿಸುತ್ತದೆ ಎಂದು ನಾನು ಕಾರಣ ಹೇಳುತ್ತಿದ್ದೆ. ಹದಿಮೂರು ಬರೆದವರಿಗೆ ಸೊನ್ನೆ ಹಾಕುತ್ತಿದ್ದೆ.

ಆ ಭಾನುವಾರ ನಾನು ಸೈಬರ್ ಸೆಂಟರಿಗೆ ಹೋದದ್ದು ಬೇರೆ ಯಾವುದೋ ಪಾಠ ಹುಡುಕಲು. ಹುಡುಕುತ್ತಾ, ಅನುಭವಸ್ಥ ಪ್ರೋಗ್ರಾಮರುಗಳು ಸೇರಿ ಬರೆದಿಟ್ಟ ಪ್ರಶ್ನೋತ್ತರದ ಪುಟವೊಂದು ತೆರೆದುಕೊಂಡಿತು. ಅಲ್ಲಿ ನನ್ನ ಪ್ರಶ್ನೆಯೇ ಇತ್ತು. ಕೆಳಗೆ ಉತ್ತರ: ಈ ಸಾಲಿಗೆ ಭಾಷೆಯಲ್ಲಿ ಅರ್ಥವೇ ಇಲ್ಲ; ಯಾವ ಯಂತ್ರ ಏನು ಬೇಕಾದರೂ ತೋರಿಸಬಹುದು; ಇಂಥ ಸಾಲನ್ನು ಬರೆಯಬಾರದು. ಪುಟವನ್ನು ಮೂರು ಸಲ ಓದಿದೆ. ಪ್ರಿಂಟ್ ತೆಗೆಸಿಕೊಂಡು, ಮಡಚಿ ವ್ಯಾನಿಟಿ ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಬಂದೆ.

ಮರುದಿನ ಲ್ಯಾಬಿನಲ್ಲಿ ಹಳೆಯ ಯಂತ್ರದ ಮೇಲೆ ಓಡಿಸಿದೆ, ಹದಿನಾಲ್ಕು. ಹೊಸದಾಗಿ ಬಂದಿದ್ದ ಒಂದು ಯಂತ್ರದಲ್ಲಿ ಬೇರೆ ಕಂಪೈಲರ್, ಅಂದರೆ ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ, ಇತ್ತು; ಅದರಲ್ಲಿ ಓಡಿಸಿದೆ, ಹದಿಮೂರು. ಇಡೀ ತರಗತಿಯನ್ನು ಕರೆದು ಎರಡೂ ಪರದೆ ತೋರಿಸಿದೆ. "ಆರು ವರ್ಷ ನಾನು ತಪ್ಪು ಹೇಳಿದೀನಿ" ಎಂದೆ.

ಹಿಂದಿನ ಸಾಲಿನ ಒಬ್ಬ ಹುಡುಗಿ ಕೇಳಿದಳು: "ಹಂಗಾದ್ರ ಪರೀಕ್ಷೆಯೊಳಗ ಏನು ಬರೀಬೇಕ್ರಿ ಮೇಡಂ?"

"ಅವ್ರು ಕೇಳೂದು ಹದಿನಾಲ್ಕು. ಅದನ್ನ ಬರೀರಿ. ಅದರ ಕೆಳಗ, ಇದಕ್ಕ ನಿಜವಾದ ಉತ್ತರ ಇಲ್ಲ ಅಂತನೂ ಬರೀರಿ."

ಸುದ್ದಿ ಪ್ರಾಚಾರ್ಯ ಪಾಟೀಲರ ಕೋಣೆಗೆ ನನಗಿಂತ ಮೊದಲು ತಲುಪಿತ್ತು. ಪಾಟೀಲರು ಶಿಸ್ತಿನ ಮನುಷ್ಯ, ಕೆಟ್ಟವರಲ್ಲ. "ಮೇಡಂ, ಪುಸ್ತಕದಾಗ ಇದ್ದದ್ದು ಕಲಸ್ರಿ. ಇಂಟರ್ನೆಟ್ಟಿನ್ಯಾಗ ಸಾವಿರ ಮಂದಿ ಸಾವಿರ ಬರೀತಾರ. ಹುಡುಗ್ರ ತಲಿ ಕೆಡಸಬ್ಯಾಡ್ರಿ" ಎಂದರು.

"ಎರಡೂ ಮಶೀನ್ ಲ್ಯಾಬಿನ್ಯಾಗ ಅದಾವ್ರಿ. ಬಂದು ನೋಡ್ರಿ" ಎಂದೆ. ಅವರು ಬರಲಿಲ್ಲ.

ಈಗಿನ ತರಗತಿಗೆ ಹೇಳಿದ್ದಾಯಿತು. ಹಿಂದಿನ ಆರು ವರ್ಷದವರಿಗೆ ಯಾರು ಹೇಳುವವರು? ಅವರಲ್ಲಿ ಕೆಲವರು ಆಗಲೇ ಬೇರೆಯವರಿಗೆ ಕಲಿಸುತ್ತಿದ್ದರು. ನನ್ನ ತಪ್ಪು ಅವರ ಬಾಯಿಂದ ಮುಂದಕ್ಕೆ ಹೋಗುತ್ತಿತ್ತು. ಕಚೇರಿಯಿಂದ ಹಳೆಯ ಹಾಜರಿ ಪುಸ್ತಕ ತೆಗೆಸಿ ಹೆಸರು ಬರೆದುಕೊಂಡೆ. ಒಬ್ಬರಿಂದ ಇನ್ನೊಬ್ಬರ ಈಮೇಲ್ ವಿಳಾಸ ಕೇಳಿ ಕೇಳಿ ಒಟ್ಟುಮಾಡಿದೆ. ವಿಳಾಸ ಇಲ್ಲದವರಿಗೆ ಅಂಚೆ ಕಾರ್ಡು ಹಾಕಿದೆ. ಆಗ ಈಮೇಲಿನಲ್ಲಿ ಕನ್ನಡ ಅಕ್ಷರ ಕಳಿಸಿದರೆ ಆಚೆ ಕಡೆ ಚೌಕಗಳು ಕಾಣುತ್ತಿದ್ದವು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದೆ: ನಾನು ಕಲಿಸಿದ್ದು ತಪ್ಪು, ಈ ಲಿಂಕ್ ಓದಿ, ಗಿರಿಜಾ.

ಒಂದು ವಾರದಲ್ಲಿ ಉತ್ತರಗಳು ಬಂದವು. ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದ ಒಬ್ಬ ಬರೆದಿದ್ದ: "ಮೇಡಂ, ಇನ್ನೂ ಏನೇನು ತಪ್ಪು ಕಲಿಸೀರಿ, ಈಗ ಹೇಳಿಬಿಡ್ರಿ." ಓದಿ ನಕ್ಕೆ. ಆಮೇಲೆ ಅದು ನಗುವ ಮಾತಲ್ಲ ಅನ್ನಿಸಿತು. ಬೇರೆಯವರು ಇನ್ನೂ ಇಂಥ ಲಿಂಕುಗಳಿದ್ದರೆ ಕಳಿಸಿ ಎಂದಿದ್ದರು. ಅಲ್ಲಿಂದ ಪ್ರತಿ ಸೋಮವಾರ ಒಂದು ಪತ್ರ ಕಳಿಸತೊಡಗಿದೆ. ಓದುವ ನಾಲ್ಕೈದು ಲಿಂಕ್, ಯಾರಾದರೂ ತಿಳಿದವರ ಒಂದು ಭಾಷಣ, ಪ್ರೋಗ್ರಾಮಿಂಗಿನ ಒಂದು ಸಣ್ಣ ಉಪಾಯ. ಹೆಸರು ಇಟ್ಟಿರಲಿಲ್ಲ, ಓದುವವರೇ ಸೋಮವಾರದ ಪತ್ರ ಎಂದರು.

ಈಮೇಲ್ ಇಲ್ಲದವರೂ ಇದ್ದರು. ಬ್ಯಾಡಗಿಯಲ್ಲಿ ಫಕ್ಕೀರಪ್ಪ ಮಾಸ್ತರರು ಬಹಳ ವರ್ಷದಿಂದ ಟೈಪಿಂಗ್ ಕಲಿಸುತ್ತಿದ್ದರು. ಟೈಪ್‌ರೈಟರುಗಳನ್ನು ಒಂದು ಮೂಲೆಗೆ ಸರಿಸಿ ಆಗಷ್ಟೇ ನಾಲ್ಕು ಕಂಪ್ಯೂಟರ್ ತಂದಿದ್ದರು, ಇಂಟರ್ನೆಟ್ ಇರಲಿಲ್ಲ. ಶನಿವಾರ ಅರ್ಧ ದಿನ ಕಾಲೇಜು ಮುಗಿಸಿ ರೈಲಿನಲ್ಲಿ ಬ್ಯಾಡಗಿಗೆ ಬಂದು, ಬರುವ ಸೋಮವಾರದ ಪತ್ರದ ಪ್ರಿಂಟನ್ನು ಅವರ ಗೋಡೆಯ ಹಲಗೆಗೆ ಹಚ್ಚಿ ಹಾವೇರಿಗೆ ಹೋಗುತ್ತಿದ್ದೆ. ಪ್ರಿಂಟಿನ ಮೇಲೆ ಲಿಂಕ್ ಅಂದರೆ ಉದ್ದನೆಯ ಅಕ್ಷರದ ಸಾಲು. ಅದನ್ನು ಒತ್ತಲು ಬರುವುದಿಲ್ಲ. ಆದರೂ ಹುಡುಗಿಯರು ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಂದು ಚುಕ್ಕೆ ತಪ್ಪಿದರೆ ಆ ಪುಟ ತೆರೆಯುವುದಿಲ್ಲ ಎಂದು ಅವರಿಗೆ ಹೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಒಮ್ಮೆ ಒಂದು ಭಾಷಣದ ವಿಡಿಯೋ ಸಿಕ್ಕಿತು. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಹೇಗೆ ಎಂದು ಪರದೇಶದ ಒಬ್ಬ ವಯಸ್ಸಾದ ಪ್ರಾಧ್ಯಾಪಕರು ಬಹಳ ಚೆನ್ನಾಗಿ ಹೇಳಿದ್ದರು. ಸೈಬರ್ ಸೆಂಟರಿನಲ್ಲಿ ತುಂಡು ತುಂಡಾಗಿ ಇಳಿಸಿಕೊಳ್ಳಲು ಹನ್ನೊಂದು ದಿನ ಹಿಡಿಯಿತು. ಸಿಡಿಗೆ ಹಾಕಿಸಿಕೊಂಡು ಬ್ಯಾಡಗಿಗೆ ಒಯ್ದೆ. ಮೆಣಸಿನಕಾಯಿ ಹಂಗಾಮು. ಕಿಟಕಿ ತೆರೆದರೆ ಘಾಟು, ಮುಚ್ಚಿದರೆ ಸೆಕೆ. ಎಲ್ಲರೂ ಸೀನುತ್ತಲೇ ಕುಳಿತರು. ಹತ್ತು ನಿಮಿಷ ಭಾಷಣ ಓಡಿತು. ಯಾರ ಮುಖದಲ್ಲೂ ಏನೂ ಕಾಣಲಿಲ್ಲ. ಆ ಪ್ರಾಧ್ಯಾಪಕರ ಇಂಗ್ಲಿಷ್ ನನಗೂ ಎರಡನೆಯ ಸಲಕ್ಕೆ ತಿಳಿದಿತ್ತು. ನಿಲ್ಲಿಸಿ, ಅಷ್ಟನ್ನು ಕನ್ನಡದಲ್ಲಿ ಹೇಳಿ, ಮತ್ತೆ ಓಡಿಸಿದೆ. ಹೀಗೆ ಒಂದು ಗಂಟೆಯ ಭಾಷಣಕ್ಕೆ ಮೂರು ಗಂಟೆ ಬೇಕಾಯಿತು. ನಡುವೆ ಕರೆಂಟು ಹೋದಾಗ ಉಳಿದದ್ದನ್ನು ಗೋಡೆಯ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆ. ಯಾರೂ ಎದ್ದು ಹೋಗಲಿಲ್ಲ.

ಎಲ್ಲರೂ ಹೋದ ಮೇಲೆ ಫಕ್ಕೀರಪ್ಪ ಮಾಸ್ತರರು ಚಹಾ ತರಿಸಿದರು. "ಅಕ್ಕಾರ, ಒಂದ ಮಾತು ಹೇಳತೇನಿ, ಸಿಟ್ಟಿಗೇಳಬ್ಯಾಡ್ರಿ" ಎಂದರು. "ನೀವು ಲಿಂಕ್ ಕೊಡತೀರಿ, ಚಲೋನ ಐತಿ. ಖರೇ ಅದು ಊಟದ ಮನಿ ವಿಳಾಸ ಕೊಟ್ಟಂಗ ಆತು. ಹಸದು ಕುಂತವ್ರಿಗೆ ತಾಟಿನ್ಯಾಗ ಬಡಸಬೇಕ್ರಿ. ಇವತ್ತು ಬಡಸಿದ್ರಿ ನೋಡ್ರಿ, ಹಂಗ."

ಅಂದಿನಿಂದ ಬರೀ ಲಿಂಕ್ ಕಳಿಸುವುದನ್ನು ಬಿಟ್ಟೆ. ಅದರೊಳಗೆ ಏನಿದೆ, ಯಾರಿಗೆ ಬೇಕಾಗುತ್ತದೆ, ಎಲ್ಲಿ ಕಷ್ಟ ಎಂಬುದನ್ನು ಒಂದು ಪುಟ ನನ್ನ ಮಾತಿನಲ್ಲಿ ಬರೆದು, ಕೊನೆಗೆ ಲಿಂಕ್ ಹಾಕತೊಡಗಿದೆ. ಕೆಲಸ ನಾಲ್ಕು ಪಟ್ಟಾಯಿತು. ಒಂದು ವಾರಕ್ಕೆ ಐದು ಲಿಂಕ್ ಇದ್ದದ್ದು ಒಂದಕ್ಕೆ ಇಳಿಯಿತು. ಆದರೆ ಬರೆಯಲು ಕುಳಿತಾಗಲೇ ನನಗೆ ಆ ವಿಷಯ ಎಷ್ಟು ತಿಳಿದಿಲ್ಲ ಎಂಬುದೂ ಗೊತ್ತಾಗುತ್ತಿತ್ತು.

ಈಗ ನನ್ನ ದೊಡ್ಡ ತಪ್ಪಿನ ಕಥೆ ಹೇಳಬೇಕು.

ಹಳೆಯ ಫೈಲುಗಳಿಂದ ಕಂಪ್ಯೂಟರ್ ತುಂಬಿಕೊಂಡು ನಿಧಾನವಾಗುತ್ತದೆ ಎಂದು ಓದುವವರು ದೂರುತ್ತಿದ್ದರು. ಅದಕ್ಕೆ ಎರಡು ಸಾಲಿನ ಒಂದು ಆಜ್ಞೆ ಬರೆದು ಪತ್ರದಲ್ಲಿ ಹಾಕಿದೆ. ಮೊದಲ ಸಾಲು: ಹಳೆಯ ಫೈಲುಗಳ ಫೋಲ್ಡರಿಗೆ ಹೋಗು. ಎರಡನೆಯ ಸಾಲು: ಅಲ್ಲಿರುವುದನ್ನೆಲ್ಲ ಕೇಳದೆ ಅಳಿಸು. ನನ್ನ ಯಂತ್ರದಲ್ಲಿ ಓಡಿಸಿ ನೋಡಿದ್ದೆ. ಸರಿಯಾಗಿತ್ತು. ಫೋಲ್ಡರಿನ ಹೆಸರು ನಿಮ್ಮದು ಹಾಕಿಕೊಳ್ಳಿ ಎಂದು ಬರೆದು ಕಳಿಸಿದೆ.

ಅದೇ ವಾರದ ಗುರುವಾರ ಕಾಲೇಜಿನ ಕಚೇರಿಗೆ ಫೋನು ಬಂತು. "ಮೇಡಂ, ನಾ ರೇಣುಕಾ ಅಂತ್ರಿ, ಗುತ್ತಲದಾಕಿ. ರಾಣೆಬೆನ್ನೂರಾಗ ಬೀಜದ ಕಂಪನಿಯೊಳಗ ಕಂಪ್ಯೂಟರ್ ಕೆಲಸ ಮಾಡತೇನ್ರಿ. ನಿಮ್ಮ ಸೋಮವಾರದ ಪತ್ರದಾಗಿನ ಎರಡು ಸಾಲು ಹಾಕಿದ್ನಿ. ಎಲ್ಲಾ ಹೋಗೇತ್ರಿ."

ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ನಾನು ಮೊದಲು ಹೇಳಿದ್ದು, "ನೀ ಏನರ ತಪ್ಪು ಹೊಡದಿರಬೇಕವಾ, ಇನ್ನೊಮ್ಮೆ ನೋಡು."

"ನೋಡೇನ್ರಿ. ನೀವು ಬರದಂಗ ಹೊಡದೇನ್ರಿ" ಎಂದಳು.

ಮಧ್ಯಾಹ್ನದ ತರಗತಿ ಬಿಟ್ಟು ಆಟೋದಲ್ಲಿ ಅಲ್ಲಿಗೆ ಹೋದೆ. ಅದೊಂದು ಸಣ್ಣ ಕಂಪನಿ, ಈಗ ಮುಚ್ಚಿದೆ. ರೇಣುಕಾಳಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ವರ್ಷ. ಅತ್ತಿರಲಿಲ್ಲ, ಕುರ್ಚಿಯ ಅಂಚಿನಲ್ಲಿ ನೆಟ್ಟಗೆ ಕುಳಿತಿದ್ದಳು. ಪರದೆಯ ಮೇಲೆ ನನ್ನ ಎರಡು ಸಾಲು ಒಂದಕ್ಷರ ತಪ್ಪಿಲ್ಲದೆ ಇದ್ದವು. ಕಂಪನಿಯ ಹಳೆಯ ಫೈಲುಗಳು ಡಿ ಡ್ರೈವಿನಲ್ಲಿ, ಅಂದರೆ ಡಿಸ್ಕಿನ ಬೇರೆಯೇ ಭಾಗದಲ್ಲಿದ್ದವು. ನನ್ನ ಮೊದಲ ಸಾಲು ಒಂದು ಡ್ರೈವಿನಿಂದ ಇನ್ನೊಂದಕ್ಕೆ ದಾಟುವಂಥದಾಗಿರಲಿಲ್ಲ. ನನ್ನ ಯಂತ್ರದಲ್ಲಿ ಎಲ್ಲವೂ ಒಂದೇ ಡ್ರೈವಿನಲ್ಲಿದ್ದುದರಿಂದ ನನಗೆ ಅದು ತಿಳಿಯಲೇ ಇಲ್ಲ. ಹೋಗು ಎಂದ ಕಡೆ ಕಂಪ್ಯೂಟರ್ ಹೋಗಲಿಲ್ಲ. ಎರಡನೆಯ ಸಾಲು ಬಂದಾಗ ನಿಂತಲ್ಲಿಯೇ ಎಲ್ಲವನ್ನೂ ಅಳಿಸಿತು. ನಿಂತಿದ್ದ ಜಾಗದಲ್ಲಿ ಇದ್ದದ್ದು ಆ ಹಂಗಾಮಿನ ಮೊಳಕೆ ಪರೀಕ್ಷೆಯ ದಾಖಲೆ. ಯಾವ ಮೂಟೆಯ ಬೀಜ ನೂರಕ್ಕೆ ಎಷ್ಟು ಮೊಳೆಯಿತು ಎಂಬ ಆ ವಿವರವಿಲ್ಲದೆ ಬೀಜ ಹೊರಗೆ ಹೋಗುವಂತಿರಲಿಲ್ಲ. ಮುಂಗಾರು ಬಿತ್ತನೆ ಹತ್ತಿರ ಬಂದಿತ್ತು.

ಅಳಿಸಿದ್ದನ್ನು ಮರಳಿ ತರುವ ತಂತ್ರಾಂಶ ಓಡಿಸಿದೆ. ಕೆಲವು ಫೈಲು ಬಂದವು, ಒಳಗೆ ಅಕ್ಷರಗಳೆಲ್ಲ ಒಡೆದುಹೋಗಿದ್ದವು.

ಮ್ಯಾನೇಜರ್ ಕುಲಕರ್ಣಿಯವರು ಬಂದರು. "ಈಕೀಗೆ ನಾಳೆಯಿಂದ ಬರಬ್ಯಾಡ ಅಂತ ಹೇಳೇನ್ರಿ ಮೇಡಂ. ಕಂಪನಿ ಮಶೀನಿನ್ಯಾಗ ಆಟ ಆಡ್ಯಾಳ" ಎಂದರು.

"ಆಟ ಆಡಿಲ್ರಿ. ನಾ ಹೇಳಿದ್ದು ಮಾಡ್ಯಾಳ. ತಪ್ಪು ನಂದು" ಎಂದೆ.

"ನೀವು ಕಾಲೇಜಿನವರು. ನೀವು ಯಾಕ ಮೈಮ್ಯಾಲ ಹಾಕ್ಕೋತೀರಿ?"

ಒಂದು ಹಾಳೆ ಕೇಳಿ ಪಡೆದು, ಎರಡು ಸಾಲನ್ನೂ ಬರೆದು, ತಪ್ಪು ಎಲ್ಲಿದೆ ಎಂದು ಗುರುತು ಮಾಡಿ, ಇದನ್ನು ಬರೆದವಳು ನಾನು ಎಂದು ಸಹಿ ಮಾಡಿ ಅವರ ಮುಂದಿಟ್ಟೆ. ಅವರು ಬಹಳ ಹೊತ್ತು ಅದನ್ನು ನೋಡಿದರು. "ಈಗ ಏನು ಮಾಡೂದು?" ಎಂದರು.

ಉತ್ತರ ಕೊಟ್ಟದ್ದು ರೇಣುಕಾ. "ಮೊಳಕಿ ಎಣಿಸಿದ ಚೀಟಿ ಇನ್ನೂ ಗೋಡೌನಿನ್ಯಾಗ ಅದಾವ್ರಿ. ಒಂದೂ ಒಗದಿಲ್ಲ ನಾನು. ಅವನ್ನ ನೋಡಿ ಮತ್ತ ಎಲ್ಲಾ ಹಾಕತೇನ್ರಿ."

"ಒಬ್ಬಾಕಿಗೆ ಆಗಂಗಿಲ್ಲ. ನಾನೂ ಕುಂದರತೇನಿ" ಎಂದೆ.

ಕಾಲೇಜಿಗೆ ರಜೆ ಹಾಕಿ ಎಂಟು ದಿನ ಅಲ್ಲಿ ಕುಳಿತೆ. ಆಕೆ ಚೀಟಿ ಓದುವಳು, ನಾನು ಹೊಡೆಯುವೆ. ಒಂದು ಕಟ್ಟು ಮುಗಿದ ಮೇಲೆ ನಾನು ಪರದೆ ಓದುವೆ, ಆಕೆ ಚೀಟಿ ನೋಡುವಳು. ಮೊದಲ ಎರಡು ದಿನ ಕೆಲಸದ ಮಾತು ಬಿಟ್ಟರೆ ಆಕೆ ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಊಟದ ಡಬ್ಬಿ ಬಿಚ್ಚಿ, ರೊಟ್ಟಿ ಮುರಿದು ನನ್ನ ಕಡೆ ಸರಿಸುತ್ತಾ, "ಫೋನಿನ್ಯಾಗ ನೀವು ಹಂಗ ಅಂದ್ರಲ್ಲ, ಅದು ನನ್ನ ಮನಸ್ಸಿಗೆ ಭಾಳ ಹತ್ತಿತ್ರಿ" ಎಂದಳು.

"ಅದೂ ನಂದ ತಪ್ಪು" ಎಂದೆ. ಆಮೇಲೆ ಮಾತು ಸಲೀಸಾಯಿತು.

ಎಲ್ಲವೂ ಕೂಡಿ ಬರಲಿಲ್ಲ. ಒಂದು ಕಟ್ಟು ಚೀಟಿ ಸೋರುವ ಮೂಲೆಯಲ್ಲಿ ನೆನೆದು ಅಕ್ಷರ ಅಳಿಸಿಹೋಗಿತ್ತು. ಆ ಬೀಜಗಳನ್ನು ಮತ್ತೆ ಮೊದಲಿನಿಂದ ಮೊಳಕೆಗೆ ಇಡಬೇಕಾಯಿತು. ಅವು ಬಿತ್ತನೆಗೆ ಸಕಾಲಕ್ಕೆ ಹೋಗಲಿಲ್ಲ. ಕುಲಕರ್ಣಿಯವರು ರೇಣುಕಾಳನ್ನು ಕೆಲಸದಲ್ಲಿ ಉಳಿಸಿಕೊಂಡರು. ನನಗೆ ಮಾತ್ರ ಆಮೇಲೆ ಎದುರು ಸಿಕ್ಕಾಗಲೂ ನಮಸ್ಕಾರ ಹೇಳಲಿಲ್ಲ. ಅವರ ಮೇಲೆ ನನಗೆ ಬೇಸರವಿಲ್ಲ.

ಈ ಎಂಟು ದಿನದ ನಡುವೆ ಒಂದು ಸೋಮವಾರ ಬಂತು. ಅಲ್ಲಿಯ ತನಕ ಕಾದದ್ದೂ ನನ್ನ ತಪ್ಪೇ. ಅಂದಿನ ಪತ್ರದಲ್ಲಿ ಬೇರೇನೂ ಇರಲಿಲ್ಲ. ಹೋದ ವಾರದ ಎರಡು ಸಾಲು ಬಳಸಬೇಡಿ, ಬಳಸಿದರೆ ಹೀಗಾಗುತ್ತದೆ, ಬರೆದದ್ದು ನಾನು, ತಪ್ಪು ನನ್ನದು. ಈಮೇಲ್ ನೋಡದವರಿಗೆ ಫೋನು ಮಾಡಿದೆ. ಬ್ಯಾಡಗಿಗೆ ಹೋಗಿ ಹಲಗೆಯ ಮೇಲಿನ ಹಾಳೆ ಕಿತ್ತೆ. ಮಾಸ್ತರರ ಹುಡುಗಿಯರು ಆಗಲೇ ಅದನ್ನು ನೋಟುಬುಕ್ಕಿಗೆ ಇಳಿಸಿಕೊಂಡಿದ್ದರು. ಒಬ್ಬೊಬ್ಬರ ಪುಸ್ತಕ ತೆರೆಸಿ ನನ್ನ ಕಣ್ಣೆದುರು ಕಾಟು ಹಾಕಿಸಿದೆ. ಊರಿಗೆ ಹೋಗಿದ್ದ ಇಬ್ಬರಿಗೆ ಮಾಸ್ತರರು ಹೇಳಿ ಕಳಿಸಿದರು.

ಪಾಟೀಲರು ಕರೆಸಿದರು. ಈ ಸಲ ಕುಳಿತುಕೊಳ್ಳಿ ಎನ್ನಲಿಲ್ಲ. "ಕಾಲೇಜಿನ ಹೆಸರು ಕೆಡತೈತಿ. ಆ ಪತ್ರ ಇವತ್ತಿಗೆ ನಿಲ್ಲಸ್ರಿ."

"ಪತ್ರದಾಗಿನ ಕಾಲೇಜಿನ ಹೆಸರು ಇವತ್ತ ತೆಗೀತೇನ್ರಿ. ಪತ್ರ ನಿಲ್ಲಸಂಗಿಲ್ರಿ."

"ಇಷ್ಟ ಆದ ಮ್ಯಾಲೂ?"

"ಇಷ್ಟ ಆದದ್ದಕ್ಕ ನಿಲ್ಲಸಂಗಿಲ್ಲ. ತಪ್ಪು ಹೇಳಿ ಸುಮ್ನ ಕುಂತ್ರ, ಅದನ್ನ ತಿದ್ದವ್ರು ಯಾರ್ರಿ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಮತ್ತೆ ಹಾಕಿಕೊಂಡರು. ಮರುದಿನದಿಂದ ಲ್ಯಾಬಿನ ಇಂಟರ್ನೆಟ್ ನನಗೆ ಪಾಠದ ಹೊತ್ತಿಗೆ ಮಾತ್ರ ಎಂದು ಸೂಚನೆ ಬಂತು. ನಾನು ಹಾವೇರಿಯ ಸೈಬರ್ ಸೆಂಟರಿಗೆ ಮರಳಿದೆ. ಬೆಳಿಗ್ಗೆ ಬಸ್ಸಿಗೆ ಮುನ್ನ ಒಂದು ಗಂಟೆ, ಅಷ್ಟೇ ನನ್ನ ವೇಳೆ.

ಬರೆಯುವ ಪದ್ಧತಿ ಮಾತ್ರ ಪೂರ್ತಿ ಬದಲಾಯಿತು. ಬದಲಿಸಿದವಳು ರೇಣುಕಾ. "ಮೇಡಂ, ಹಾಕೂಕಿಂತ ಮೊದಲ ನನ್ನ ಕಡೆ ಕಳಸ್ರಿ. ನಿಮ್ಮ ಮಶೀನ್ ಬ್ಯಾರೆ, ನನ್ನದು ಬ್ಯಾರೆ. ಮಾಸ್ತರರದು ಇನ್ನೂ ಹಳೇದು" ಎಂದಳು. ಅದರ ನಂತರ ಒಂದು ಉಪಾಯ ಪತ್ರಕ್ಕೆ ಬರಬೇಕಾದರೆ ಮೊದಲು ಹಾವೇರಿಯಲ್ಲಿ, ಆಮೇಲೆ ರಾಣೆಬೆನ್ನೂರಿನಲ್ಲಿ, ಕೊನೆಗೆ ಬ್ಯಾಡಗಿಯಲ್ಲಿ ಓಡಬೇಕಿತ್ತು, ಅದೂ ಫೈಲುಗಳ ನಕಲು ಮಾಡಿಟ್ಟ ಮೇಲೆ. ಮೂರೂ ಊರಿನಲ್ಲಿ ಓಡದಿದ್ದರೆ ಹಾಕುತ್ತಿರಲಿಲ್ಲ. ಒಮ್ಮೆ ತಿಂಗಳುಗಟ್ಟಲೆ ಒಂದೂ ಉಪಾಯ ಪಾಸಾಗಲಿಲ್ಲ. ಆ ವಾರಗಳಲ್ಲಿ, ಯಾವುದು ಯಾಕೆ ಓಡಲಿಲ್ಲ ಎಂಬುದನ್ನೇ ಬರೆದೆವು. ಆ ಪತ್ರಗಳಿಗೇ ಹೆಚ್ಚು ಉತ್ತರ ಬಂದವು.

ಕೆಲ ವರ್ಷದ ಮೇಲೆ ಕನ್ನಡ ಅಕ್ಷರಗಳು ಚೌಕವಾಗದೆ ಕಾಣತೊಡಗಿದವು. ಬ್ಲಾಗ್ ತೆರೆದು ಹಳೆಯ ಪತ್ರಗಳನ್ನೆಲ್ಲ ಕನ್ನಡದಲ್ಲಿ ಹಾಕಲು ಕುಳಿತೆವು. ರೇಣುಕಾ ಹೊಡೆದಳು, ನಾನು ಲಿಂಕುಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಅರ್ಧಕ್ಕೆ ಅರ್ಧ ಸತ್ತಿದ್ದವು. ಪುಟ ಇಲ್ಲ, ಸೈಟೇ ಇಲ್ಲ. ಬ್ಯಾಡಗಿಯ ಭಾಷಣಕ್ಕಿಂತ ಮುಂಚಿನ ಪತ್ರಗಳು ಓದಿದರೆ ಬರೀ ವಿಳಾಸಗಳ ಪಟ್ಟಿಯಾಗಿದ್ದವು, ಯಾವುದಕ್ಕೂ ಉಪಯೋಗವಿರಲಿಲ್ಲ. ಆಮೇಲಿನವು ನಿಂತಿದ್ದವು, ಯಾಕೆಂದರೆ ಅವುಗಳಲ್ಲಿ ವಿಷಯ ಬರೆದಿದ್ದೆವು. ಹಳೆಯವನ್ನು ತೆಗೆದುಹಾಕಲು ಮನಸ್ಸಾಗಲಿಲ್ಲ. ಒಂದೊಂದರಲ್ಲಿ ಏನಿತ್ತು ಎಂದು ನೆನಪಿದ್ದಷ್ಟನ್ನು ಬರೆದೆ. ನೆನಪಿಲ್ಲದ ಕಡೆ ನೆನಪಿಲ್ಲ ಎಂದೇ ಬರೆದೆ.

ರೇಣುಕಾ ಬೀಜದ ಕಂಪನಿ ಬಿಟ್ಟು ರಾಣೆಬೆನ್ನೂರಿನಲ್ಲೇ ತನ್ನದೊಂದು ಕಂಪ್ಯೂಟರ್ ತರಬೇತಿ ಕೇಂದ್ರ ತೆರೆದಳು. ಫಕ್ಕೀರಪ್ಪ ಮಾಸ್ತರರು ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಕಲಿಸುವುದನ್ನು ನಿಲ್ಲಿಸಿದರು; ಪತ್ರದ ಉಪಾಯಗಳನ್ನು ಪರೀಕ್ಷಿಸುವುದನ್ನು ನಿಲ್ಲಿಸಲಿಲ್ಲ. ನಾನು ನಿವೃತ್ತಳಾದೆ. ಬೀಳ್ಕೊಡುಗೆಯ ದಿನ ಶಾಲು ಹೊದಿಸಿದರು. ನನ್ನ ಸೇವೆಯಲ್ಲಿ ಒಂದು ತಪ್ಪೂ ಇರಲಿಲ್ಲ ಎಂದು ಒಬ್ಬರು ಭಾಷಣ ಮಾಡಿದರು. ಮೈಕ್ ನನ್ನ ಕೈಗೆ ಬಂದಾಗ ಅದನ್ನು ಅಲ್ಲೇ ತಿದ್ದಿದೆ. ಮುಂದಿನ ಸಾಲಿನಲ್ಲಿ ಕುಳಿತಿದ್ದ ರೇಣುಕಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟು. ನೀವು ಕಲಿಸಿದ್ದರಲ್ಲಿ ತಪ್ಪು ಇದ್ದೇ ಇರುತ್ತದೆ. ಅದು ಎಲ್ಲೆಲ್ಲಿ ಹೋಗಿದೆಯೋ ಅಲ್ಲಿಯ ತನಕ ತಿದ್ದುಪಡಿಯೂ ಹೋಗಬೇಕು. ಬಸ್ಸಿನಲ್ಲಿ ಹೋಗಿದ್ದರೆ ಬಸ್ಸಿನಲ್ಲಿ, ಗೋಡೆಗೆ ಹಚ್ಚಿದ್ದರೆ ಗೋಡೆಗೆ. ಯಾರಾದರೂ ಫೋನು ಮಾಡಿ ಎಲ್ಲಾ ಹೋಗೇತಿ ಎಂದರೆ, ಮೊದಲು ಅವರ ಯಂತ್ರದ ಮುಂದೆ ಹೋಗಿ ಕುಳಿತುಕೊಳ್ಳಿ. ಮಾತು ಆಮೇಲೆ.

ಪತ್ರ ಈಗಲೂ ಪ್ರತಿ ಸೋಮವಾರ ಹೋಗುತ್ತದೆ. ಹೋದ ವಾರದ ಉಪಾಯವನ್ನು ಮೂರೂ ಊರಿನಲ್ಲಿ ಓಡಿಸಿಯೇ ಹಾಕಿದ್ದೆವು. ಬುಧವಾರ ಹೊಸರಿತ್ತಿಯಿಂದ ಒಬ್ಬ ವಿದ್ಯಾರ್ಥಿನಿಯ ಈಮೇಲ್ ಬಂತು. ನನಗೆ ಆಕೆಯ ಪರಿಚಯವಿಲ್ಲ. ಫೋಲ್ಡರಿನ ಹೆಸರಿನ ನಡುವೆ ಖಾಲಿ ಜಾಗ ಇದ್ದರೆ ನಿಮ್ಮ ಮೂರನೆಯ ಸಾಲು ಓಡುವುದಿಲ್ಲ, ನಾಲ್ಕು ಸಲ ನೋಡಿದೆ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ ಎಂದು ಬರೆದಿದ್ದಳು. ಒಲೆಯ ಮೇಲಿದ್ದ ಹಾಲು ಇಳಿಸಿ ಬಂದು ಓಡಿಸಿ ನೋಡಿದೆ. ಆಕೆ ಹೇಳಿದ್ದು ಸರಿ. ಸೋಮವಾರದ ತನಕ ಕಾಯಲಿಲ್ಲ. ತಿದ್ದುಪಡಿಯನ್ನು ಆಕೆಯ ಹೆಸರಿನೊಂದಿಗೆ ಆಗಲೇ ಎಲ್ಲರಿಗೂ ಕಳಿಸಿದೆ. ಆಮೇಲೆ ಆಕೆಗೆ ಬೇರೆ ಒಂದು ಈಮೇಲ್ ಬರೆದೆ: ಮುಂದಿನ ವಾರದಿಂದ ನಾಲ್ಕನೆಯ ಯಂತ್ರ ನಿನ್ನದು, ಒಪ್ಪಿಗೆಯೇ?

ಸಂಜೆಗೆ ಉತ್ತರ ಬಂತು. ಒಪ್ಪಿಗೆ ಎಂದಿದ್ದಳು, ಮತ್ತು ಎರಡನೆಯ ಸಾಲಿನ ಬಗ್ಗೆಯೂ ಒಂದು ಅನುಮಾನವಿದೆ ಎಂದಿದ್ದಳು.